ಹೊಸ ಕಂಪ್ಯೂಟರ್ ಮನೆಗೆ ಬಂತು: ಅಂಗಡಿಯವರ ಕೈಗೆ ಬಿಡದೆ ನೀವೇ ಸೆಟಪ್ ಮಾಡಿಕೊಳ್ಳುವುದು ಹೇಗೆ

ಕಂಪ್ಯೂಟರ್ ತಗೊಂಡ ದಿನ ಅಂಗಡಿಯಲ್ಲಿ ಒಂದು ಮಾತು ಕೇಳಿಯೇ ಕೇಳುತ್ತೀರಿ. "ಎಲ್ಲಾ ಹಾಕಿ ರೆಡಿ ಮಾಡಿ ಕೊಡ್ತೀವಿ ಸಾರ್, ಮನೆಗೆ ಹೋಗಿ ಆನ್ ಮಾಡಿದ್ರೆ ಸಾಕು." ಕೇಳಲು ಚೆನ್ನಾಗಿದೆ. ಆದರೆ ಆ ಅರ್ಧ ಗಂಟೆಯಲ್ಲಿ ನಿಮ್ಮ ಕಂಪ್ಯೂಟರಿನ ಯಜಮಾನ ಯಾರು ಅನ್ನುವುದು ತೀರ್ಮಾನವಾಗಿಬಿಡುತ್ತದೆ. ಎಷ್ಟೋ ಮನೆಗಳ ಕಂಪ್ಯೂಟರಿನಲ್ಲಿ ಇವತ್ತಿಗೂ ಅಂಗಡಿ ಹುಡುಗನ ಇಮೇಲ್ ಕೂತಿದೆ, ಪಾಸ್‌ವರ್ಡ್ ಮನೆಯವರಿಗೇ ಗೊತ್ತಿಲ್ಲ. ಆಫೀಸ್ ಲೈಸೆನ್ಸ್, ಡಿಸ್ಕ್ ಬೀಗದ ಕೀಲಿ, ಎಲ್ಲವೂ ಆ ಇಮೇಲ್‌ಗೇ ಅಂಟಿಕೊಂಡಿರುತ್ತದೆ.

ಹಾಗಾಗಿ ಒಂದು ಭಾನುವಾರ ಬೆಳಗ್ಗೆ ಬಿಡುವು ಮಾಡಿಕೊಂಡು ನೀವೇ ಕೂರಿ. ಇದರಲ್ಲಿ ಕಷ್ಟದ್ದು ಏನೂ ಇಲ್ಲ, ಕಾಯುವ ಕೆಲಸವೇ ಜಾಸ್ತಿ. ನಾನು ಇಲ್ಲಿ ವಿಂಡೋಸ್ 11 ಅನ್ನೇ ಇಟ್ಟುಕೊಂಡು ಹೇಳುತ್ತೇನೆ. ಮನೆಗೆ ಬರುವ ಹೊಸ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಅದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. "ಹತ್ತೇ ಹಾಕಿಸ್ಕೊಳ್ಳಿ, ಅದೇ ಫಾಸ್ಟು" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಮೊದಲು ಕರೆಂಟಿನ ವಿಚಾರ

ಡಬ್ಬಿ ಬಿಚ್ಚುವ ಮೊದಲು ಗೋಡೆಯ ಪಾಯಿಂಟ್ ನೋಡಿ. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದರ್ಥವಲ್ಲ. ಹಳೆಯ ಮನೆಗಳಲ್ಲಿ ಮೂರನೇ ತೂತಿಗೆ ವೈರೇ ಎಳೆದಿರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಅನುಮಾನ ಪಡಬೇಕಾದ್ದು ಅರ್ಥಿಂಗನ್ನೇ. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಚೆಕ್ ಮಾಡಿಸಿ.

ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು. ಮನೆ ಬಳಕೆಯ ಸಾಧಾರಣ ಕಂಪ್ಯೂಟರಿಗೆ 600 ವಿಎ ಸಾಮರ್ಥ್ಯದ ಯುಪಿಎಸ್ ನಡೆಯುತ್ತದೆ. ಅದು ಕೊಡುವುದು ಕೆಲವೇ ನಿಮಿಷದ ಬ್ಯಾಕಪ್. ಫೈಲ್ ಸೇವ್ ಮಾಡಿ, ಸರಿಯಾಗಿ ಶಟ್‌ಡೌನ್ ಮಾಡಲು ಅಷ್ಟು ಸಾಕು. ಗೇಮಿಂಗ್‌ಗೆಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೆ ಮಾತ್ರ 1000 ವಿಎ ಅಥವಾ ಅದಕ್ಕಿಂತ ದೊಡ್ಡದು ನೋಡಿ. ಕೆಲವು ಯುಪಿಎಸ್‌ಗಳಲ್ಲಿ ಬ್ಯಾಟರಿಯ ಒಂದು ವೈರ್ ಬಿಚ್ಚಿಟ್ಟು ಕಳಿಸಿರುತ್ತಾರೆ. ಜೊತೆಗೆ ಬಂದ ಹಾಳೆ ಓದಿ, ಅದನ್ನು ಸಿಕ್ಕಿಸಿ, ಮೊದಲ ಸಲ ಆರೆಂಟು ಗಂಟೆ ಚಾರ್ಜ್ ಆಗಲು ಬಿಡಿ. ಲೇಸರ್ ಪ್ರಿಂಟರನ್ನು ಯಾವತ್ತೂ ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದು ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟನ್ನು ಈ ಪುಟ್ಟ ಯುಪಿಎಸ್ ತಡೆಯುವುದಿಲ್ಲ.

ಮನೆಗೆ ಇನ್ವರ್ಟರ್ ಇದೆಯಲ್ಲ ಅಂತ ಕೇಳಬಹುದು. ಬಹಳಷ್ಟು ಇನ್ವರ್ಟರ್‌ಗಳ ಮೇಲೆ ಯುಪಿಎಸ್ ಮೋಡ್, ಎಕೋ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಎಕೋದಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಹಿಡಿಯುವ ಸಮಯ ಸ್ವಲ್ಪ ಹೆಚ್ಚು. ಫ್ಯಾನ್, ಲೈಟಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿಬಿಡುತ್ತದೆ. ಯುಪಿಎಸ್ ಮೋಡ್‌ಗೆ ಹಾಕಿ ಪರೀಕ್ಷೆ ಮಾಡಿ ನೋಡಿ.

ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ, ಅದರಲ್ಲೂ ಮಲೆನಾಡು, ಕರಾವಳಿ ಕಡೆ, ಕಂಪ್ಯೂಟರ್ ಸುಟ್ಟಿತು ಎಂಬ ಕಥೆ ಪ್ರತಿ ವರ್ಷವೂ ಇದ್ದದ್ದೇ. ಸ್ಪೈಕ್ ಗಾರ್ಡ್ ಇದೆ ಎಂದು ಧೈರ್ಯವಾಗಿರಬೇಡಿ. ಮೋಡ ಕಟ್ಟಿದಾಗ ಪ್ಲಗ್ಗನ್ನೇ ಕಿತ್ತಿಡಿ. ಜೊತೆಗೆ ರೂಟರ್‌ನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕೀಳಿ. ಇದನ್ನು ಬಹಳ ಜನ ಮರೆಯುತ್ತಾರೆ. ಫೈಬರ್ ಕೇಬಲ್ ಗಾಜಿನದು, ಅದರೊಳಗೆ ಕರೆಂಟ್ ಹರಿಯುವುದಿಲ್ಲ ನಿಜ. ಆದರೆ ರೂಟರ್ ತನ್ನ ಅಡಾಪ್ಟರ್ ಮೂಲಕ ಗೋಡೆಯ ಪಾಯಿಂಟಿಗೇ ಅಂಟಿಕೊಂಡಿದೆ. ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಹೊಡೆತ ಕಂಪ್ಯೂಟರಿನ ಒಳಗೆ ಬರುತ್ತದೆ.

ಬಿಚ್ಚುವುದು, ಜೋಡಿಸುವುದು

ಡಬ್ಬಿ, ಥರ್ಮೋಕೋಲ್ ಯಾವುದನ್ನೂ ಬಿಸಾಡಬೇಡಿ. ವಾಪಸ್ ಕೊಡುವ ಅವಧಿ ಮುಗಿಯುವವರೆಗಾದರೂ ಅಟ್ಟದ ಮೇಲಿರಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆದಿದ್ದಾರಾ, ಅದು ಯಂತ್ರದ ಹಿಂದಿರುವ ನಂಬರಿಗೆ ಹೊಂದುತ್ತದಾ ನೋಡಿ. ಅದೇ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಎಂದು ಶುರುವಾಯಿತು, ಎಂದು ಮುಗಿಯುತ್ತದೆ ಎಂಬುದು ಕಾಣುತ್ತದೆ. ನಿನ್ನೆ ತಂದ ಕಂಪ್ಯೂಟರಿನ ವಾರಂಟಿ ಐದು ತಿಂಗಳ ಹಿಂದೆಯೇ ಶುರುವಾಗಿದ್ದರೆ ಬಿಲ್ ಹಿಡಿದುಕೊಂಡು ಅಂಗಡಿಗೆ ಹೋಗಿ ಕೇಳಿ. ಕಂಪನಿಗೆ ಬಿಲ್ ಕಳಿಸಿ ತಾರೀಖು ಸರಿ ಮಾಡಿಸಿಕೊಳ್ಳಲೂ ಸಾಧ್ಯ.

ಲ್ಯಾಪ್‌ಟಾಪ್ ಆದರೆ ಮೊದಲು ಚಾರ್ಜರ್ ಸಿಕ್ಕಿಸಿ, ಆಮೇಲೆ ಬಟನ್ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳು ಮೊದಲ ಸಲ ಚಾರ್ಜರ್ ಇಲ್ಲದೆ ಆನ್ ಆಗುವುದೇ ಇಲ್ಲ. ಬ್ಯಾಟರಿ ಹಾಳಾಗಿದೆ ಎಂದು ಗಾಬರಿಯಾಗಬೇಡಿ, ಸಾಗಣೆಗೆಂದು ಹಾಗೆ ಮಾಡಿ ಕಳಿಸಿರುತ್ತಾರೆ.

ಡೆಸ್ಕ್‌ಟಾಪ್‌ನಲ್ಲಿ ತಪ್ಪಾಗುವುದು ಸಾಮಾನ್ಯವಾಗಿ ಒಂದೇ ಕಡೆ. ಕ್ಯಾಬಿನೆಟ್ಟಿನ ಹಿಂದೆ ಎಚ್‌ಡಿಎಂಐ ತೂತು ಎರಡು ಜಾಗದಲ್ಲಿ ಕಾಣಬಹುದು. ಮೇಲೆ, ಯುಎಸ್‌ಬಿ ತೂತುಗಳ ಪಕ್ಕ ಇರುವುದು ಮದರ್‌ಬೋರ್ಡಿನದು. ಕೆಳಗೆ ಅಡ್ಡಡ್ಡ ಇರುವುದು ಗ್ರಾಫಿಕ್ಸ್ ಕಾರ್ಡಿನದು. ಕಾರ್ಡ್ ಹಾಕಿಸಿದ್ದರೆ ಮಾನಿಟರ್ ಕೇಬಲ್ ಕೆಳಗಿನದಕ್ಕೇ ಹೋಗಬೇಕು. ಮೇಲಿನದಕ್ಕೆ ಹಾಕಿದರೆ ಪರದೆಯಲ್ಲಿ ಏನೂ ಬರದೇ ಇರಬಹುದು. ಅಥವಾ ಚಿತ್ರ ಬಂದರೂ ದುಡ್ಡು ಸುರಿದು ತಂದ ಕಾರ್ಡ್ ಸುಮ್ನೆ ಕೂತಿರುತ್ತದೆ. ಪವರ್ ಬಟನ್ ಒತ್ತಿದರೂ ಏನೂ ಆಗದಿದ್ದರೆ ಹಿಂದೆ ಪವರ್ ಕೇಬಲ್ ಸಿಕ್ಕಿಸುವ ಎಸ್‌ಎಂಪಿಎಸ್ ಪಕ್ಕದ ಚಿಕ್ಕ ಸ್ವಿಚ್ ನೋಡಿ. ಸೊನ್ನೆ ಕಡೆ ಒತ್ತಿದ್ದರೆ ಆಫ್, ಗೀಟಿನ ಕಡೆ ಒತ್ತಿದ್ದರೆ ಆನ್.

ವಿಂಡೋಸ್ ಕೇಳುವ ಪ್ರಶ್ನೆಗಳು

ಭಾಷೆ ಇಂಗ್ಲಿಷ್, ದೇಶ ಇಂಡಿಯಾ. ಕೀಬೋರ್ಡ್ ಕೇಳಿದಾಗ ಇಂಗ್ಲಿಷ್ ಇಂಡಿಯಾ ಆಯ್ದುಕೊಂಡರೆ ಒಂದು ಅನುಕೂಲ: ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ರೂಪಾಯಿ ಚಿಹ್ನೆ ಬರುತ್ತದೆ.

ಆಮೇಲೆ ಇಂಟರ್‌ನೆಟ್. ಹೋಮ್ ಆವೃತ್ತಿಯಲ್ಲಿ ಇಂಟರ್‌ನೆಟ್ ಇಲ್ಲದೆ ಮುಂದೆ ಹೋಗಲು ಬಿಡುವುದಿಲ್ಲ. ಅದನ್ನು ದಾಟುವ ಅಡ್ಡದಾರಿಗಳು ಇದ್ದವು, ಮೈಕ್ರೋಸಾಫ್ಟ್ ಒಂದೊಂದಾಗಿ ಮುಚ್ಚುತ್ತಾ ಬಂದಿದೆ. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪಿನಲ್ಲಿ ವೈಫೈ ಇಲ್ಲದೇ ಇರುವುದು ಸಾಮಾನ್ಯ. ಲ್ಯಾನ್ ಕೇಬಲ್ ಎಳೆಯಿರಿ, ಇಲ್ಲವೇ ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್ಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವೈಫೈ ಇದ್ದು ರೂಟರಿನಲ್ಲಿ ಎರಡು ಹೆಸರು ಕಂಡರೆ, ಹತ್ತಿರ ಕೂರುವವರಿಗೆ 5 ಗಿಗಾಹರ್ಟ್ಸ್‌ನದು ವೇಗ. ದಪ್ಪ ಕಲ್ಲಿನ ಗೋಡೆಯ ಆಚೆ ಕೂರುವವರಿಗೆ 2.4ರದೇ ಗಟ್ಟಿ.

ಈಗ ಅಕೌಂಟ್. ಇಲ್ಲಿ ಅವಸರ ಮಾಡಬೇಡಿ. ಮನೆಯ ದೊಡ್ಡವರಲ್ಲಿ ಒಬ್ಬರ ಸ್ವಂತ ಇಮೇಲ್ ಹಾಕಿ. ಆ ಇಮೇಲ್ ಇನ್ನು ಐದು ವರ್ಷ ಬಿಟ್ಟರೂ ನಿಮ್ಮ ಕೈಯಲ್ಲೇ ಇರಬೇಕು. ಕಾಲೇಜಿನ ಇಮೇಲ್ ಬೇಡ, ಆಫೀಸಿನದೂ ಬೇಡ. ಕೋರ್ಸು ಮುಗಿದಾಗ, ಕೆಲಸ ಬಿಟ್ಟಾಗ ಅವು ಹೋಗುತ್ತವೆ. ಜಿಮೇಲ್ ವಿಳಾಸದಿಂದಲೂ ಮೈಕ್ರೋಸಾಫ್ಟ್ ಅಕೌಂಟ್ ತೆರೆಯಬಹುದು, ಆದರೆ ಅದಕ್ಕೆ ಬೇರೆಯದೇ ಪಾಸ್‌ವರ್ಡ್ ಇಡಿ. ನಿಮ್ಮ ಫೋನ್ ನಂಬರನ್ನೂ ಸೇರಿಸಿ. ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಡಿ. ಬರೆದಿಡಬಾರದು ಅನ್ನುವವರಿದ್ದಾರೆ. ಮನೆಯೊಳಗೆ ನುಗ್ಗಿ ಪಾಸ್‌ವರ್ಡ್ ಕದಿಯುವವರಿಗಿಂತ ಪಾಸ್‌ವರ್ಡ್ ಮರೆಯುವವರೇ ಜಾಸ್ತಿ ಅನ್ನುವುದು ನನ್ನ ಲೆಕ್ಕ.

ಒಂದು ಸಣ್ಣ ವಿಚಿತ್ರ. ಹೀಗೆ ಸೈನ್ ಇನ್ ಆದಾಗ ವಿಂಡೋಸ್ ನಿಮ್ಮ ಇಮೇಲಿನ ಮೊದಲ ಐದು ಅಕ್ಷರ ತೆಗೆದುಕೊಂಡು ಫೋಲ್ಡರಿಗೆ ಹೆಸರಿಡುತ್ತದೆ. ವೆಂಕಟೇಶ್ ಎಂಬ ಇಮೇಲ್ ಇದ್ದವರ ಫೋಲ್ಡರ್ ಅರ್ಧಂಬರ್ಧ ಹೆಸರಿನಲ್ಲಿ ನಿಲ್ಲುತ್ತದೆ. ಕೆಟ್ಟದಾಗಿ ಕಂಡರೂ ತೊಂದರೆ ಇಲ್ಲ, ಬದಲಿಸಲು ಹೋಗಬೇಡಿ.

ಮುಂದೆ ಪಿನ್ ಇಡಲು ಹೇಳುತ್ತದೆ. ಇದು ಈ ಕಂಪ್ಯೂಟರಿಗೆ ಮಾತ್ರ. ಎಟಿಎಂ ಪಿನ್ ಇಡಬೇಡಿ. ಪ್ರೈವಸಿ ಪ್ರಶ್ನೆಗಳಲ್ಲಿ ಫೈಂಡ್ ಮೈ ಡಿವೈಸ್ ಆನ್ ಇರಲಿ, ಲ್ಯಾಪ್‌ಟಾಪ್ ಕಳೆದರೆ ಬೇಕಾಗುತ್ತದೆ. ಅದು ಕೆಲಸ ಮಾಡಲು ಲೊಕೇಶನ್ ಕೂಡ ಆನ್ ಇರಬೇಕು. ಜಾಹೀರಾತು, ಟೈಪಿಂಗ್ ಮಾಹಿತಿ, ಟೇಲರ್ಡ್ ಎಕ್ಸ್‌ಪೀರಿಯನ್ಸ್ ಅಂತ ಇರುವುದನ್ನೆಲ್ಲ ಆಫ್ ಮಾಡಿ. ಮೈಕ್ರೋಸಾಫ್ಟ್ 365 ಟ್ರಯಲ್, ಗೇಮ್ ಪಾಸ್ ಎಂದು ಕಾರ್ಡ್ ನಂಬರ್ ಕೇಳುತ್ತಾ ಬಂದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಡಿಕ್ಲೈನ್ ಅಥವಾ ಸ್ಕಿಪ್ ಇರುತ್ತದೆ, ಹುಡುಕಿ ಒತ್ತಿ.

ಒನ್‌ಡ್ರೈವ್ ಬಗ್ಗೆ ಮಾತ್ರ ಯೋಚನೆ ಮಾಡಿ. ಒಪ್ಪಿಕೊಂಡರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ಮೈಕ್ರೋಸಾಫ್ಟಿನ ಕಡೆಗೂ ಹೋಗುತ್ತವೆ. ಪುಕ್ಕಟೆ ಸಿಗುವುದು 5 ಜಿಬಿ. ಮದುವೆ ಫೋಟೋ ತುಂಬಿಸಿದ ದಿನವೇ ಅದು ಮುಗಿದು, ದುಡ್ಡು ಕೊಡಿ ಎಂಬ ಸಂದೇಶ ದಿನಾ ಬರುತ್ತದೆ. ಬರೀ ಡಾಕ್ಯುಮೆಂಟ್ಸ್ ಇರಲಿ, ಪಿಕ್ಚರ್ಸ್ ಬೇಡ. ಇದನ್ನು ಆಮೇಲೂ ಬದಲಿಸಬಹುದು.

ಡೆಸ್ಕ್‌ಟಾಪ್ ಬಂದ ಮೇಲೆ

ಅಂಗಡಿಯವರು ಹೇಳಿದ್ದನ್ನೇ ಕೊಟ್ಟಿದ್ದಾರಾ ಎಂದು ಈಗಲೇ ನೋಡಿಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯೇ ಎಲ್ಲವೂ ಇದೆ. 512 ಜಿಬಿ ಹೇಳಿ 476 ಕೊಟ್ಟಿದ್ದಾರೆ ಎಂದು ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಒಂದು ಟಿಬಿ ಎಂದದ್ದು 931 ಎಂದು ಕಾಣುವುದೂ ಅದಕ್ಕೇ. ಆದರೆ 16 ಜಿಬಿ ರ‍್ಯಾಮ್ ಎಂದದ್ದು 8 ಕಂಡರೆ ಅವತ್ತೇ ಫೋನ್ ಮಾಡಿ.

ಅಸೆಂಬಲ್ ಮಾಡಿಸಿದವರು ಇನ್ನೊಂದು ಕಡೆ ನೋಡಲೇಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್. ಅಲ್ಲಿ ಡಿಜಿಟಲ್ ಲೈಸೆನ್ಸ್ ಎಂದಿದ್ದರೆ ಸಾಮಾನ್ಯವಾಗಿ ಸರಿ. ಆರ್ಗನೈಸೇಶನ್‌ನ ಆಕ್ಟಿವೇಶನ್ ಸರ್ವಿಸ್ ಮೂಲಕ ಆಕ್ಟಿವೇಟ್ ಆಗಿದೆ ಎಂದಿದ್ದರೆ, ಮನೆಯ ಕಂಪ್ಯೂಟರಿಗೆ ಎಲ್ಲಿಯ ಆರ್ಗನೈಸೇಶನ್ ಅಲ್ವಾ? ಕಳ್ಳ ಟೂಲ್ ಹಾಕಿ ಆಕ್ಟಿವೇಟ್ ಮಾಡಿರುವ ಸಾಧ್ಯತೆಯೇ ಹೆಚ್ಚು. ಆ ಟೂಲ್ ಹಾಕಲು ಆಂಟಿವೈರಸ್ ಆಫ್ ಮಾಡಿರುತ್ತಾರೆ. ಅದರೊಳಗೆ ಇನ್ನೇನಿತ್ತೋ ಯಾರಿಗೆ ಗೊತ್ತು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಟ್ಟಿಸಿದರೂ ಸರಿ, ನಿಮ್ಮೂರಿನ ಅಂಗಡಿಯಲ್ಲಾದರೂ ಸರಿ, ಅಸಲಿ ವಿಂಡೋಸಿನ ದುಡ್ಡನ್ನು ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರ ಇದು.

ಆಮೇಲೆ ಅಪ್‌ಡೇಟ್. ಸೆಟ್ಟಿಂಗ್ಸ್‌ನ ಕೊನೆಯಲ್ಲಿ ವಿಂಡೋಸ್ ಅಪ್‌ಡೇಟ್ ಇದೆ. ಚೆಕ್ ಒತ್ತಿ, ಬಂದದ್ದನ್ನು ಹಾಕಿ, ರೀಸ್ಟಾರ್ಟ್ ಮಾಡಿ, ಮತ್ತೆ ಚೆಕ್ ಒತ್ತಿ. ಏನೂ ಇಲ್ಲ ಅನ್ನುವವರೆಗೂ ಇದೇ ಕೆಲಸ. ಅದರೊಳಗೆ ಅಡ್ವಾನ್ಸ್ಡ್ ಆಪ್ಶನ್ಸ್‌ನಲ್ಲಿ ಆಪ್ಶನಲ್ ಅಪ್‌ಡೇಟ್ಸ್ ಎಂದಿದೆ. ಸೌಂಡ್ ಬರುತ್ತಿಲ್ಲ, ಬ್ಲೂಟೂತ್ ಇಲ್ಲ ಎಂದಾದರೆ ಆ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಅಲ್ಲಿ ಸಿಗಬಹುದು. ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. ಡ್ರೈವರ್ ಹುಡುಕಿಕೊಡುವ ಪುಕ್ಕಟೆ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಫೋನಿನ ಹಾಟ್‌ಸ್ಪಾಟ್ ಬಳಸುವವರು ಮೊದಲು ವೈಫೈ ಸೆಟ್ಟಿಂಗಿನಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಇಲ್ಲದಿದ್ದರೆ ದಿನದ ಡೇಟಾ ಎಲ್ಲ ಅಪ್‌ಡೇಟಿಗೇ ಹೋಗುತ್ತದೆ. ದೊಡ್ಡ ಅಪ್‌ಡೇಟ್‌ಗಳು ಹಲವು ಜಿಬಿ ಇರುತ್ತವೆ.

ಲ್ಯಾಪ್‌ಟಾಪಿನ ಜೊತೆ ಬಂದ ಟ್ರಯಲ್ ಆಂಟಿವೈರಸ್ ತೆಗೆದುಹಾಕಿ. ಅದು ಹೋಗಿ ರೀಸ್ಟಾರ್ಟ್ ಆದ ಮೇಲೆ ವಿಂಡೋಸಿನದೇ ಡಿಫೆಂಡರ್ ತಾನಾಗಿ ಎದ್ದು ಕೂರುತ್ತದೆ. ಮನೆಗೆ ಅಷ್ಟು ಸಾಕು. ಅಂಗಡಿಯಲ್ಲಿ ಆಂಟಿವೈರಸ್ ಸಿಡಿಯನ್ನೋ ಕೀಯನ್ನೋ ಬಿಲ್ಲಿಗೆ ಸೇರಿಸಲು ನೋಡುತ್ತಾರೆ. ಆ ದುಡ್ಡಿಗೆ ಒಂದು ಒಳ್ಳೆಯ ಪೆನ್‌ಡ್ರೈವ್ ಕೊಳ್ಳಿ. ಆಫೀಸ್ ಸೇರಿ ಬಂದಿದ್ದರೆ ಇವತ್ತೇ ವರ್ಡ್ ತೆರೆದು ನಿಮ್ಮ ಅದೇ ಅಕೌಂಟಿನಲ್ಲಿ ಆಕ್ಟಿವೇಟ್ ಮಾಡಿ, ತಡಮಾಡಬೇಡಿ.

ಹೊಸ ಮಾನಿಟರ್ 144 ಹರ್ಟ್ಸ್‌ನದಾದರೂ, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದಾದರೂ, ವಿಂಡೋಸ್ ಅದನ್ನು 60ರಲ್ಲೇ ಓಡಿಸುತ್ತಿರಬಹುದು. ಡಿಸ್‌ಪ್ಲೇ ಸೆಟ್ಟಿಂಗಿನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ಬದಲಿಸಿ. ಎರಡನೇ ಹಾರ್ಡ್ ಡಿಸ್ಕ್ ಹಾಕಿಸಿ ಅದು ಕಾಣದಿದ್ದರೆ, ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಹೊಚ್ಚ ಹೊಸ ಡಿಸ್ಕಾದರೆ ಇನಿಶಿಯಲೈಸ್ ಮಾಡಿ, ಜಿಪಿಟಿ ಆಯ್ದು, ನ್ಯೂ ಸಿಂಪಲ್ ವಾಲ್ಯೂಮ್ ಕೊಡಿ. ಹಳೆಯ ಡಿಸ್ಕಿನಲ್ಲಿ ಫೈಲ್ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಬೇಡಿ, ಅಳಿಸಿಹೋಗುತ್ತದೆ. ಇರುವ ಒಂದೇ ಎಸ್‌ಎಸ್‌ಡಿಯನ್ನು ಸಿ, ಡಿ, ಇ ಎಂದು ತುಂಡು ಮಾಡುವ ಹಳೆಯ ಪದ್ಧತಿಯನ್ನು ನಾನಂತೂ ಬಿಟ್ಟಿದ್ದೇನೆ. ವರ್ಷದೊಳಗೆ ಸಿ ತುಂಬಿ ಅಳುತ್ತದೆ, ಇ ಖಾಲಿ ಬಿದ್ದಿರುತ್ತದೆ.

ಡಿಸ್ಕಿನ ಬೀಗ

ಈ ಭಾಗ ಓದದೆ ಹೋಗಬೇಡಿ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೆಟಪ್ ಮಾಡಿದ ಹೊಸ ಕಂಪ್ಯೂಟರುಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಸಾಮಾನ್ಯವಾಗಿ ತಾನಾಗಿಯೇ ಆನ್ ಆಗುತ್ತದೆ. ಅಂದರೆ ಡಿಸ್ಕಿಗೆ ಬೀಗ ಬಿದ್ದಿದೆ, ನಿಮಗೆ ಗೊತ್ತಿಲ್ಲದ ಹಾಗೆ. ಲ್ಯಾಪ್‌ಟಾಪ್ ಕಳುವಾದರೆ ಕಳ್ಳನಿಗೆ ಫೋಟೋ, ಫೈಲ್ ಸಿಗುವುದಿಲ್ಲ. ಒಳ್ಳೆಯದೇ. ಆದರೆ ಮುಂದೆ ಒಂದು ದಿನ ಬಯೋಸ್ (ವಿಂಡೋಸಿಗೂ ಮೊದಲು ಏಳುವ ಸಾಫ್ಟ್‌ವೇರ್) ಅಪ್‌ಡೇಟ್ ಆದಾಗಲೋ, ಮದರ್‌ಬೋರ್ಡ್ ಬದಲಿಸಿದಾಗಲೋ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದಿಲ್ಲದಿದ್ದರೆ ಸರ್ವಿಸ್ ಸೆಂಟರಿನವರೂ ಏನೂ ಮಾಡಲಾರರು, ಮೈಕ್ರೋಸಾಫ್ಟಿಗೂ ಆಗುವುದಿಲ್ಲ.

ಆ ಕೀ ಇರುವುದು ಸೆಟಪ್ ಮಾಡಿದವರ ಅಕೌಂಟಿನಲ್ಲಿ. ಅಂಗಡಿಯವರಿಗೆ ಬಿಡಬೇಡಿ ಎಂದು ಇಷ್ಟು ಹೊತ್ತು ಹೇಳಿದ್ದು ಇದಕ್ಕೇ. ಮೈಕ್ರೋಸಾಫ್ಟ್ ಅಕೌಂಟಿನ ಪುಟಕ್ಕೆ ಹೋಗಿ, ಡಿವೈಸಸ್ ಕೆಳಗೆ ನಿಮ್ಮ ಕಂಪ್ಯೂಟರ್ ಆಯ್ದು, ಬಿಟ್‌ಲಾಕರ್ ಕೀ ತೆರೆಯಿರಿ, ಆ ರಿಕವರಿ ಕೀಗೆ ಅಲ್ಲಿರುವ ಹೆಸರು ಅದು. ಪ್ರಿಂಟ್ ತೆಗೆಯಿರಿ, ಅಥವಾ ಆ ನೋಟ್‌ಬುಕ್ಕಿನಲ್ಲಿ ಎರಡೆರಡು ಸಲ ನೋಡಿಕೊಂಡು ಬರೆಯಿರಿ. ಅದೇ ಕಂಪ್ಯೂಟರಿನೊಳಗೆ ಸೇವ್ ಮಾಡಿ ಸುಮ್ಮನಾಗಬೇಡಿ.

ಕನ್ನಡ

ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್, ಆ್ಯಡ್ ಎ ಲ್ಯಾಂಗ್ವೇಜ್. ಕನ್ನಡ ಆಯ್ದುಕೊಳ್ಳಿ. ಡಿಸ್‌ಪ್ಲೇ ಲ್ಯಾಂಗ್ವೇಜ್ ಮಾಡುವ ಗುರುತು ತೆಗೆಯಿರಿ. ಮೆನುಗಳೆಲ್ಲ ಕನ್ನಡದಲ್ಲೇ ಬೇಕು ಅನ್ನುವವರು ಇಟ್ಟುಕೊಳ್ಳಬಹುದು. ಆದರೆ ಏನಾದರೂ ಕೆಟ್ಟಾಗ ಫೋನಿನಲ್ಲಿ ದಾರಿ ಹೇಳುವವರಿಗೆ ಇಂಗ್ಲಿಷ್ ಮೆನು ಗೊತ್ತಿರುತ್ತದೆ.

ಕನ್ನಡದ ಪಕ್ಕದ ಮೂರು ಚುಕ್ಕೆ ಒತ್ತಿ, ಲ್ಯಾಂಗ್ವೇಜ್ ಆಪ್ಶನ್ಸ್‌ಗೆ ಹೋಗಿ ಕೀಬೋರ್ಡ್ ಸೇರಿಸಿ. ಬರೀ ಕನ್ನಡ ಎಂದಿರುವುದು ಇನ್‌ಸ್ಕ್ರಿಪ್ಟ್, ಕೀಲಿಗಳಿಗೆ ನೇರವಾಗಿ ಕನ್ನಡ ಅಕ್ಷರ ಕೊಟ್ಟಿರುವ ವಿನ್ಯಾಸ. ಕನ್ನಡ ಫೊನೆಟಿಕ್ ಎಂದಿರುವುದು ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರದಂತೆ ಟೈಪ್ ಮಾಡಿದರೆ ಕನ್ನಡವಾಗುವಂಥದ್ದು. ಫೋನಿನಲ್ಲಿ ಹಾಗೆ ಬರೆದು ಅಭ್ಯಾಸ ಇರುವವರಿಗೆ ಇದೇ ಸುಲಭ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ, ಮತ್ತೆ ಒತ್ತಿದರೆ ವಾಪಸ್.

ಸರ್ಕಾರಿ ಕಚೇರಿ, ಶಾಲೆ, ಡಿಟಿಪಿ ಕೆಲಸದವರ ಕೈ ಮಾತ್ರ ಬೇರೆ ಕಡೆ ಪಳಗಿರುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಬೋರ್ಡ್, ಎಫ್ ಒತ್ತಿ ಒತ್ತಕ್ಷರ ತರುವ ಕ್ರಮ. ಅವರಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿಕೊಡಿ. ಮಕ್ಕಳು ಫೊನೆಟಿಕ್ ಹಾಕಿಟ್ಟು, ನಿವೃತ್ತರಾದ ಅಪ್ಪನನ್ನು "ಇದೇ ಕಲೀರಿ" ಎಂದು ಕಾಡುವುದು ಅನ್ಯಾಯ. ನುಡಿಯಲ್ಲಿ, ಯಾವ ಕಂಪ್ಯೂಟರಿನಲ್ಲಾದರೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಆಯ್ಕೆಯೂ ಇದೆ, ಹೊಸದಾಗಿ ಬರೆಯುವುದನ್ನೆಲ್ಲ ಅದರಲ್ಲೇ ಬರೆಯಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸುತ್ತೋಲೆಯೋ ಅರ್ಜಿಯೋ ಬಂದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಫಾಂಟ್ ಹಾಕಿದರೆ ಸರಿಯಾಗುತ್ತದೆ. ವಿಂಡೋಸಿನಲ್ಲಿ ಈಗ ಕನ್ನಡ ತೋರಿಸುವುದು ನಿರ್ಮಲಾ ಯುಐ ಫಾಂಟ್. ಹಳಬರಿಗೆ ಪರಿಚಯದ ತುಂಗಾ ಬೇಕಿದ್ದರೆ ಆಪ್ಶನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂದು ಹುಡುಕಿ.

ಮನೆಯ ಉಳಿದವರು

ಎಲ್ಲರೂ ಒಂದೇ ಅಕೌಂಟಿನಲ್ಲಿ ಕೂರುವುದು ಬೇಡ. ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಬೇರೆಯವರನ್ನು ಸೇರಿಸಬಹುದು. ಅವರಿಗೆ ಸ್ಟ್ಯಾಂಡರ್ಡ್ ಯೂಸರ್ ಕೊಟ್ಟರೆ, ಇಡೀ ಕಂಪ್ಯೂಟರಿಗೆ ತಾಗುವಂಥ ಸಾಫ್ಟ್‌ವೇರ್ ಹಾಕಲು ನಿಮ್ಮ ಪಿನ್ ಕೇಳುತ್ತದೆ. ಮಕ್ಕಳ ಗೇಮ್ ಮಾಡ್, ಕ್ರ್ಯಾಕ್ ಹುಚ್ಚಿಗೆ ಇದೊಂದು ತಡೆ. ಚಿಕ್ಕ ಮಕ್ಕಳಿದ್ದರೆ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿಯಲ್ಲಿ ಸಮಯದ ಮಿತಿಯನ್ನೂ ಇಡಬಹುದು.

ಬ್ರೌಸರ್, ವಿಎಲ್‌ಸಿ ಮುಂತಾದವನ್ನು ಆದಷ್ಟು ಮೈಕ್ರೋಸಾಫ್ಟ್ ಸ್ಟೋರಿನಿಂದಲೇ ಹಾಕಿಕೊಳ್ಳಿ. ಅಲ್ಲಿ ಇಲ್ಲದ್ದಕ್ಕೆ ಅವರವರ ಸ್ವಂತ ವೆಬ್‌ಸೈಟ್. ಹುಡುಕಿದಾಗ ಮೇಲೆ ಕಾಣುವ ಸ್ಪಾನ್ಸರ್ಡ್ ಲಿಂಕ್ ಒತ್ತಬೇಡಿ. ಆಫೀಸ್ ಇಲ್ಲದವರಿಗೆ ಲಿಬ್ರೆಆಫೀಸ್ ಪುಕ್ಕಟೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ, ಶೋ ಒಳಗೆ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಆನ್ ಮಾಡಿ. ಬಿಲ್ ಡಾಟ್ ಪಿಡಿಎಫ್ ಎಂದು ಕಾಣುವ ಫೈಲಿನ ಬಾಲದಲ್ಲಿ ಡಾಟ್ ಇಎಕ್ಸ್‌ಇ (ಅಂದರೆ ಪ್ರೋಗ್ರಾಂ) ಅಡಗಿದ್ದರೆ ಆಗ ಗೊತ್ತಾಗುತ್ತದೆ.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಪಕ್ಕ ಕೂತು ಒಂದು ವಿಷಯ ಹೇಳಿ. ಪರದೆ ತುಂಬ ಕೆಂಪು ಅಕ್ಷರ ಬಂದು, ಕೂಗಿಕೊಂಡು, ವೈರಸ್ ಬಂದಿದೆ ಈ ನಂಬರಿಗೆ ಫೋನ್ ಮಾಡಿ ಎಂದರೆ ಅದು ಮೋಸ. ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ. ಮುಚ್ಚದಿದ್ದರೆ ಪವರ್ ಬಟನ್ ಒತ್ತಿ ಹಿಡಿದರಾಯಿತು. ಯಾರೇ ಹೇಳಿದರೂ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥದ್ದನ್ನು ಹಾಕಿಕೊಂಡು ನಂಬರ್ ಓದಿ ಹೇಳಬಾರದು. ದುಡ್ಡು ಹೋಗಿಬಿಟ್ಟರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ನಂಬರನ್ನು ಮಾನಿಟರ್ ಅಂಚಿಗೆ ಅಂಟಿಸಿಟ್ಟರೂ ತಪ್ಪಿಲ್ಲ.

ಬ್ಯಾಕಪ್, ಹಳೆಯ ಕಂಪ್ಯೂಟರ್

ಎಲ್ಲ ಸರಿಯಾದ ಮೇಲೆ 32 ಜಿಬಿಯ ಖಾಲಿ ಪೆನ್‌ಡ್ರೈವ್ ಸಿಕ್ಕಿಸಿ, ಸ್ಟಾರ್ಟಿನಲ್ಲಿ ರಿಕವರಿ ಡ್ರೈವ್ ಎಂದು ಹುಡುಕಿ ಒಂದು ಮಾಡಿಡಿ. ವಿಂಡೋಸ್ ಏಳದ ದಿನ ಅದು ಬೇಕು. ಅದರಲ್ಲಿ ನಿಮ್ಮ ಫೋಟೋಗಳು ಇರುವುದಿಲ್ಲ ನೆನಪಿರಲಿ. ಅದಕ್ಕೆ ಬೇರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಕಂಟ್ರೋಲ್ ಪ್ಯಾನೆಲ್‌ನ ಫೈಲ್ ಹಿಸ್ಟರಿ ಆನ್ ಮಾಡಿದರೆ, ಡಿಸ್ಕ್ ಸಿಕ್ಕಿಸಿದಾಗೆಲ್ಲ ಹೊಸ ಫೈಲ್‌ಗಳು ಅದಕ್ಕೆ ಹೋಗುತ್ತವೆ. ಕೆಲಸ ಮುಗಿದ ಮೇಲೆ ಡಿಸ್ಕನ್ನು ಕಿತ್ತಿಡಿ. ಸಿಡಿಲಿನ ಮಾತು ಅದಕ್ಕೂ ಅನ್ವಯ.

ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಫೈಲ್‌ಗಳನ್ನು ಆ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ಅಲ್ಲಿಂದ ಹೊಸದಕ್ಕೆ ತನ್ನಿ. ಬ್ರೌಸರಿನ ಬುಕ್‌ಮಾರ್ಕ್, ಟ್ಯಾಲಿಯ ಡೇಟಾ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುವ ಸ್ಕ್ಯಾನ್ ಮಾಡಿದ ಪಹಣಿ, ಅಂಕಪಟ್ಟಿಗಳು, ಮರೆಯುವುದು ಇವುಗಳನ್ನೇ. ಹಳೆಯದನ್ನು ತಕ್ಷಣ ಕೊಟ್ಟುಬಿಡಬೇಡಿ. ಒಂದೆರಡು ತಿಂಗಳು ಹೊಸದರಲ್ಲೇ ಕೆಲಸ ಮಾಡಿ, ಏನೂ ಬಿಟ್ಟಿಲ್ಲ ಎಂದು ಖಾತ್ರಿಯಾಗಲಿ. ಆಮೇಲೆ ಅದರಲ್ಲಿ ರೀಸೆಟ್ ದಿಸ್ ಪಿಸಿ ತೆರೆದು, ರಿಮೂವ್ ಎವೆರಿಥಿಂಗ್ ಆಯ್ದು, ಚೇಂಜ್ ಸೆಟ್ಟಿಂಗ್ಸ್‌ನಲ್ಲಿ ಕ್ಲೀನ್ ಡೇಟಾ ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿಟ್ಟು ಮಲಗಿ. ಕೆಟ್ಟು ಆನ್ ಆಗದ ಕಂಪ್ಯೂಟರ್ ಆದರೆ ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಡಿ.